ಬಲಗಡೆಯ ಬೆಂಚಿನ ನಗು

ಜೂನ್ 4

ಮಗಳಿಗೆ,

ನಾನು ಚೆನ್ನಾಗಿದ್ದೇನೆ. ಪೇಂಟ್ ಅಂಗಡಿಯೂ ಹೇಗೋ ನಡೆಯುತ್ತಿದೆ. ಮೊನ್ನೆ ಒಬ್ಬ ಗಿರಾಕಿ ಬಣ್ಣ ಬೆರೆಸಿಕೊಂಡು ಹೋಗಿ, ಗೋಡೆಗೆಲ್ಲ ಬಳಿದ ಮೇಲೆ, ಹೆಂಡತಿಗೆ ಹಿಡಿಸಲಿಲ್ಲ ಎಂದು ಖಾಲಿ ಡಬ್ಬ ವಾಪಸ್ ತಂದ. ಅಂಥವರ ಜೊತೆ ಏಗಬೇಕು.

ನಾನು ಈಗಲೂ ಫೋನಿನಲ್ಲಿ ಬರೆಯದೆ ಕಾಗದದಲ್ಲೇ ಬರೆಯಲು ಕಾರಣವಿದೆ. ನಮ್ಮ ಸಭೆಯವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಆರಾಧನೆ ಎಷ್ಟು ಹೊತ್ತಿಗೆ, ಯಾರಿಗೆ ಹುಷಾರಿಲ್ಲ, ಎಲ್ಲ ಅದರಲ್ಲೇ. ಒಂದು ಭಾನುವಾರ ನಾನು ಖಜಾಂಚಿಗೆ ಮಾತ್ರ ಎಂದುಕೊಂಡು "ಪಾದ್ರಿಗಳ ಪ್ರಸಂಗ ಇವತ್ತೂ ರಬ್ಬರ್ ಎಳೆದ ಹಾಗೆ ಎಳೀತು" ಎಂದು ಬರೆದೆ. ಅದು ಪಾದ್ರಿಗಳೂ ಸೇರಿ ಇಡೀ ಸಭೆಗೆ ಹೋಯಿತು. ಪಾದ್ರಿಗಳು ಉತ್ತರವಾಗಿ ಕೈ ಮುಗಿಯುವ ಚಿತ್ರ ಕಳಿಸಿದರು. ಅವತ್ತಿನಿಂದ ಆ ಯಂತ್ರದ ಸಹವಾಸ ಬೇಡ ಎನಿಸಿದೆ.

ಈ ಪಾದ್ರಿಗಳು ಬಂದಾಗಿನಿಂದ ಒಂದೇ ಹಟ. ಸಭೆಯಲ್ಲಿ ಮಾತು ತಲುಪದವರು ಒಬ್ಬರೂ ಇರಬಾರದಂತೆ. ನಿನ್ನ ಹಾಗೆ ಕಿವಿ ಕೇಳದವರು ಆರು ಜನ ನಮ್ಮಲ್ಲಿದ್ದಾರಲ್ಲ, ಅವರನ್ನು ಬಲಗಡೆಯ ಬೆಂಚಿನಲ್ಲಿ ಕೂರಿಸಿ, ಪ್ರಸಂಗ ನಡೆಯುವಾಗ ಅದನ್ನು ಸನ್ನೆಯಲ್ಲಿ ಹೇಳಲು ಬಡಗಿಯ ಹೆಂಡತಿಯನ್ನು ನಿಲ್ಲಿಸಿದ್ದಾರೆ. ಅವಳಿಗೆ ಕಿವಿ ಕೇಳುತ್ತದೆ, ಗಂಡನಿಗೆ ಕೇಳುವುದಿಲ್ಲ. ಹಾಗಾಗಿ ಸನ್ನೆ ಬರುತ್ತದೆ. ಆರು ತಿಂಗಳು ನೋಡೋಣ ಎಂದು ಸಭಾ ಸಮಿತಿ ಒಪ್ಪಿತ್ತು. ಆಗಸ್ಟ್ ಕೊನೆಗೆ ತೀರ್ಮಾನವಾಗಬೇಕು.

ನನಗೆ ಅನುಮಾನ ಬಂದಿದೆ. ಹೋದ ಭಾನುವಾರ ಪ್ರಸಂಗ ಪಶ್ಚಾತ್ತಾಪದ ಬಗ್ಗೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಬಲಗಡೆಯ ಬೆಂಚಿನಲ್ಲಿ ಆರೂ ಜನ ನಕ್ಕರು. ಅದೂ ನನ್ನ ಕಡೆ ನೋಡಿಕೊಂಡು! ಪಶ್ಚಾತ್ತಾಪದಲ್ಲಿ ನಗುವಂಥದ್ದು ಏನಿದೆ? ಅವಳು ಅಲ್ಲಿ ಬೇರೇನೋ ಹೇಳುತ್ತಿದ್ದಾಳೆ. ಪಕ್ಕದ ಬೀದಿಯ ಹೊಸ ಸಭೆಯವರು ಜನರನ್ನು ಸೆಳೆಯಲು ವ್ಯಾನು ಇಟ್ಟಿದ್ದಾರೆ. ಇವಳು ಆರು ಜನರನ್ನೂ ಅತ್ತ ತಿರುಗಿಸುತ್ತಿದ್ದಾಳೋ ಏನೋ ಎಂದು ಖಜಾಂಚಿ ಹೇಳುತ್ತಾನೆ.

ನಮ್ಮಲ್ಲಿ ಆ ಭಾಷೆ ಬೇರೆ ಯಾರಿಗೂ ಬರುವುದಿಲ್ಲ. ನಿನಗೆ ಬರುತ್ತದೆ. ಒಂದು ಭಾನುವಾರ ಬಂದು, ಸುಮ್ಮನೆ ಕೂತು, ಅವಳು ಏನು ಹೇಳುತ್ತಾಳೆಂದು ನೋಡಿ ನನಗೆ ಬರೆದುಕೊಡು. ಬರುವ ವಿಷಯ ಯಾರಿಗೂ ಹೇಳಬೇಡ.

ನಿನ್ನ ಅಪ್ಪ

---

ಜೂನ್ 15

ಅಪ್ಪನಿಗೆ,

ಕಾಗದ ತಲುಪಿತು. ಶಾಲೆಗಳ ಪುಸ್ತಕದ ಕೆಲಸ ಬಂದಿರುವುದರಿಂದ ಪ್ರೆಸ್ಸಿನಲ್ಲಿ ಈಗ ರಜೆ ಸಿಗುವುದಿಲ್ಲ. ಬೈಂಡಿಂಗ್ ವಿಭಾಗವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮಿಷನ್ನುಗಳು ಓಡುವಾಗ ಇಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ನನ್ನ ಹತ್ತಿರ ಸ್ವಲ್ಪ ಸ್ವಲ್ಪ ಸನ್ನೆ ಕಲಿತಿದ್ದಾರೆ.

ನಗುವುದಕ್ಕೆ ನೂರು ಕಾರಣ ಇರಬಹುದು. ಮಕ್ಕಳೇನಾದರೂ ಮಾಡಿರಬಹುದು. ಅವರನ್ನೇ ಕೇಳಬಹುದಿತ್ತಲ್ಲ?

ಬಡಗಿಯ ಹೆಂಡತಿ ಯಾರೆಂದು ನನಗೆ ಸರಿಯಾಗಿ ನೆನಪಿಲ್ಲ.

ನಿಮ್ಮ ಮಗಳು

---

ಜೂನ್ 27

ಮಗಳಿಗೆ,

ಅವರನ್ನೇ ಕೇಳು ಎನ್ನುತ್ತೀಯಲ್ಲ, ಯಾವ ಬಾಯಲ್ಲಿ ಕೇಳಲಿ? ಕೇಳಬೇಕಾದರೆ ಅವಳನ್ನೇ ಮಧ್ಯೆ ನಿಲ್ಲಿಸಿಕೊಳ್ಳಬೇಕು. ಕಳ್ಳನ ಕೈಯಲ್ಲೇ ಬೀಗದ ಕೈ ಕೊಟ್ಟ ಹಾಗಾಗುತ್ತದೆ.

ರಜೆ ಇಲ್ಲದಿದ್ದರೆ ಬೇಡ. ಪಾದ್ರಿಗಳು ಆರಾಧನೆಯನ್ನೆಲ್ಲ ವಿಡಿಯೊ ಮಾಡಿಸಿ ಗುಂಪಿಗೆ ಹಾಕಿಸುತ್ತಾರೆ. ಹಿಂಬದಿಯ ಮಾಳಿಗೆಯಿಂದ ತೆಗೆಯುತ್ತಾರೆ. ಅವಳ ಕೈ, ಮುಖ ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ನಿನ್ನ ಫೋನಿಗೆ ಕಳಿಸಲು ಅಂಗಡಿಯ ಹುಡುಗಿಗೆ ಹೇಳಿದ್ದೇನೆ. ನಿನಗೆ ಪ್ರಸಂಗ ಕೇಳುವುದಿಲ್ಲವಾದ್ದರಿಂದ ನಾನೇ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಪಾದ್ರಿಗಳು ಆಡಿದ ಮಾತನ್ನೆಲ್ಲ ಬಿಡದೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಬೆರಳು ಮರಗಟ್ಟಿತು. ಅವರು ನಕ್ಕ ಜಾಗದಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಅವಳ ಕೈಗೂ ನನ್ನ ಬರಹಕ್ಕೂ ತಾಳೆ ಹಾಕಿ ನೋಡು.

ಹಾಡಿನ ಗುಂಪಿನ ಮುಖ್ಯಸ್ಥೆಯೂ ನನ್ನ ಕಡೆ ಇದ್ದಾಳೆ. ಎಲ್ಲರೂ ಅವಳನ್ನು ಸೌಂಡ್ ಬಾಕ್ಸ್ ಅಂತಲೇ ಕರೆಯುವುದು. "ಆ ಕೈ ಆಡ್ತಾ ಇದ್ರೆ ನನ್ನ ಕಣ್ಣು ಅಲ್ಲೇ ಹೋಗುತ್ತೆ, ಹಾಡು ತಪ್ಪುತ್ತೆ" ಅಂತಾಳೆ. ಅವಳ ಹಾಡು ತಪ್ಪದ ದಿನ ಯಾವುದಿತ್ತು ಎಂದು ನಾನು ಕೇಳಲಿಲ್ಲ.

ಬೇಗ ಬರಿ.

ಅಪ್ಪ

---

ಜುಲೈ 20

ಅಪ್ಪನಿಗೆ,

ತಡವಾಯಿತು. ವಿಡಿಯೊ ನೋಡಿದೆ. ಒಮ್ಮೆಯಲ್ಲ, ಹಲವು ಸಲ. ಅವಳು ಸರಿಯಾಗಿಯೇ ಹೇಳಿದ್ದಾಳೆ. ಬೇರೆ ಸಭೆಯ ಮಾತಾಗಲಿ, ವ್ಯಾನಿನ ಮಾತಾಗಲಿ ಎಲ್ಲೂ ಇಲ್ಲ. ನೀವು ಸಮಿತಿಗೆ ಹಾಗೆಯೇ ಹೇಳಬಹುದು.

ಒಂದು ಪ್ರಶ್ನೆ. ನಿಮ್ಮ ಕೆಂಪು ಗೆರೆಯ ಮೇಲೆ ಒಂದು ಸಾಲಿದೆ. "ಕಿವುಡರ ಹಾಗೆ ಕೂತವರ ಹೃದಯಕ್ಕೆ ದೇವರ ಮಾತು ಹೇಗೆ ಇಳಿದೀತು?" ಇದು ಪಾದ್ರಿಗಳ ಮಾತೋ ಅಥವಾ ಬರೆಯುವಾಗ ನೀವು ಸೇರಿಸಿದ್ದೋ?

ಇಡೀ ಪ್ರಸಂಗವನ್ನು ನಾನು ಓದಿದ್ದು ಇದೇ ಮೊದಲು. ಚಿಕ್ಕವಳಿದ್ದಾಗ ಅಮ್ಮ ಮಡಿಲ ಮೇಲೆ ಕೈ ಇಟ್ಟುಕೊಂಡು ಯಾರಿಗೂ ಕಾಣದಂತೆ ಎರಡು ಮೂರು ಮಾತು ಹೇಳುತ್ತಿದ್ದಳು. ಮಿಕ್ಕ ಹೊತ್ತು ನಾನು ಕಿಟಕಿಯ ಗಾಜು ಎಣಿಸುತ್ತಿದ್ದೆ.

ಮಗಳು

---

ಜುಲೈ 29

ಮಗಳಿಗೆ,

ಆ ಸಾಲು ಪಾದ್ರಿಗಳದ್ದೇ. ನಾನೇಕೆ ಸೇರಿಸಲಿ? ಅದರಲ್ಲೇನು ವಿಶೇಷ, ಜನ ಆಡುವ ಮಾತು. ನಾನು ಕೇಳಿದ್ದು ಒಂದು, ನೀನು ಕೇಳುತ್ತಿರುವುದು ಇನ್ನೊಂದು. ಸರಿಯಾಗಿಯೇ ಹೇಳಿದ್ದಾಳೆ ಎಂದ ಮೇಲೆ ಅವರು ನಕ್ಕಿದ್ದೇಕೆ? ಅದಕ್ಕೆ ಉತ್ತರವೇ ಇಲ್ಲ. ನೀನು ಜಾರಿಕೊಳ್ಳುತ್ತಿದ್ದೀಯ ಎಂದು ಆಗಲೇ ಅನ್ನಿಸಿತ್ತು.

ಈಗ ಯಾಕೆಂದು ಗೊತ್ತಾಯಿತು. ನಿನ್ನೆ ಬಡಗಿಯ ಹೆಂಡತಿ ಬಾಗಿಲಿಗೆ ಬಳಿಯಲು ವಾರ್ನಿಷ್ ಬೇಕೆಂದು ಅಂಗಡಿಗೆ ಬಂದಿದ್ದಳು. ನಾನೇ ಮಾತು ತೆಗೆದು, "ಕೃಪೆ, ರಕ್ಷಣೆ, ಇಂಥ ಮಾತಿಗೆಲ್ಲ ಸನ್ನೆ ಎಲ್ಲಿಂದ ತರ್ತೀಯಮ್ಮ?" ಎಂದು ಕೇಳಿದೆ. "ನಿಮ್ಮ ಮಗಳೇ ಹೇಳಿಕೊಡ್ತಾಳೆ ಅಲ್ವಾ, ಪ್ರತಿ ವಾರ ಫೋನಲ್ಲಿ ಮುಖ ನೋಡ್ಕೊಂಡು ಮಾತಾಡ್ತೀವಿ, ನಿಮಗೆ ಹೇಳಿಲ್ವಾ?" ಅಂದಳು. ನನ್ನ ಕೈಯಲ್ಲಿದ್ದ ಡಬ್ಬ ಜಾರಿ ನೆಲವೆಲ್ಲ ವಾರ್ನಿಷ್ ಆಯಿತು.

ಸರಿಯಾಗಿ ನೆನಪಿಲ್ಲ ಎಂದು ಬರೆದಿದ್ದೆಯಲ್ಲ! ನಾನು ಕಣ್ಣು ನೋಯಿಸಿಕೊಂಡು ಪ್ರಸಂಗ ಬರೆದು ಕಳಿಸಿದರೆ ನೀವಿಬ್ಬರೂ ಸೇರಿ ಅದನ್ನು ಓದಿ ನಕ್ಕಿರಬೇಕು.

ನಗುವುದು ನಿನಗೆ ಹೊಸದಲ್ಲ. ಎಂಟು ವರ್ಷದ ಹಿಂದೆ, ಈ ಮನೆಯ ಬಾಗಿಲಲ್ಲಿ ನಿಂತು ಹೋಗಬೇಡ ಎಂದು ನಾನು ಗಂಟಲು ಹರಿದುಕೊಂಡೆ. ನೀನು ನನ್ನ ಕೈ ಹಿಡಿದುಕೊಂಡು, ನನ್ನ ಮುಖ ನೋಡಿ ನಕ್ಕು, ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಅಪ್ಪನ ಮಾತು ಮೀರಿ ಹೋಗುವವರು ಇರುತ್ತಾರೆ. ಅಪ್ಪನ ಮುಖಕ್ಕೆ ನಕ್ಕು ಹೋಗುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಇಷ್ಟು ವರ್ಷ ಆ ವಿಷಯ ಎತ್ತಲಿಲ್ಲ. ಈಗ ಎತ್ತಿಸಿದ್ದು ನೀನೇ.

ಅಪ್ಪ

---

ಆಗಸ್ಟ್ 6

ಅಪ್ಪನಿಗೆ,

ಮೊದಲು ನಗುವಿನ ವಿಷಯ ಮುಗಿಸುತ್ತೇನೆ.

ಹೌದು, ಅವಳು ನನಗೆ ಗೊತ್ತು. ಸುಳ್ಳು ಬರೆದೆ. ನಿಜ ಬರೆದರೆ ನೀವು ಅವಳನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ ಎಂದು ಹೆದರಿದೆ. ನಿಮ್ಮ ಅನುಮಾನದಲ್ಲಿ ಅರ್ಧ ಸರಿಯಿದೆ. ಅವಳು ಪ್ರಸಂಗವನ್ನು ಬದಲಾಯಿಸಿದ್ದು ನಿಜ. "ಕಿವುಡರ ಹಾಗೆ ಕೂತವರು" ಎಂದು ಪಾದ್ರಿಗಳು ಹೇಳಿದಾಗ, ಎದುರಿಗೆ ಕೂತ ಆರು ಜನ ಕಿವುಡರಿಗೆ, ಅವರಲ್ಲಿ ಒಬ್ಬ ತನ್ನ ಗಂಡ, ಅವಳು ಅದನ್ನು ಹೇಗೆ ಹೇಳಬೇಕಿತ್ತು? ವಿಡಿಯೊದಲ್ಲಿ ಅವಳ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತುಬಿಡುತ್ತದೆ. ಆಮೇಲೆ ಅವಳು ಹೇಳಿದ್ದು, "ಮುಂದಿನ ಸಾಲಲ್ಲಿ ಕೂತು ನಿದ್ದೆ ಮಾಡುವವರ ಹೃದಯಕ್ಕೆ ದೇವರ ಮಾತು ಹೇಗೆ ಇಳಿದೀತು?" ಆರೂ ಜನ ಮುಂದಿನ ಸಾಲಿಗೆ ತಿರುಗಿದರು. ಅಲ್ಲಿ ನೀವು ನಿದ್ದೆ ಮಾಡುತ್ತಿದ್ದಿರಿ. ತಲೆ ಎಡಕ್ಕೆ ವಾಲಿರುವುದು ಹಿಂದಿನಿಂದಲೇ ಕಾಣುತ್ತದೆ. ಅವರು ಮೈ ಕುಲುಕಿಸಿಕೊಂಡು ನಕ್ಕದ್ದಕ್ಕೆ ಬೆಂಚು ಅಲುಗಿದ ಸದ್ದಿಗೆ ನಿಮಗೆ ಎಚ್ಚರವಾಗಿರಬೇಕು. ನಾನೂ ನಕ್ಕೆ. ಅದೊಂದನ್ನು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಅವಳ ಜೊತೆ ಜಗಳವಾಡಿದೆ. "ಅವರಿಗೆ ನೋವಾಗುತ್ತೆ ಅಂತ ಬದಲಾಯಿಸಿದೆ" ಅಂದಳು. ನೋವಾಗಲಿ, ನಮ್ಮನ್ನು ಬೈದರೆ ಆ ಬೈಗುಳವೂ ನಮಗೆ ತಲುಪಬೇಕು ಎಂದೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ಈಗ ಬಾಗಿಲಿನ ವಿಷಯ. ನೀವು ಬರೆದದ್ದು ನನಗೆ ಅರ್ಥವಾಗಲಿಲ್ಲ. ಹೋಗಬೇಡ ಎಂದಿರಾ? ಯಾವಾಗ? ನಿಮ್ಮ ತುಟಿ ಮೀಸೆಯಲ್ಲಿ ಮುಚ್ಚಿಹೋಗಿರುತ್ತದೆ, ಅದನ್ನು ಓದಲು ನನಗೆ ಯಾವತ್ತೂ ಆಗಿಲ್ಲ. ಮುಖ ಕೆಂಪಾಗಿತ್ತು, ಅಷ್ಟು ನೋಡಿದೆ. ಅಮ್ಮನ ಕಡೆ ತಿರುಗಿದೆ. ಅಮ್ಮ ಸನ್ನೆ ಮಾಡಿ ಹೇಳಿದಳು, "ಅಪ್ಪನಿಗೆ ಅಳು ಬರ್ತಾ ಇದೆ, ತಡ್ಕೊಂಡಿದ್ದಾರೆ. ಹೋಗಿ ಬಾ, ಹುಷಾರಾಗಿರು, ತಪ್ಪದೆ ಕಾಗದ ಬರಿ ಅಂತಿದ್ದಾರೆ."

ಅದಕ್ಕೇ ನಿಮ್ಮ ಕೈ ಹಿಡಿದುಕೊಂಡೆ. ಅದಕ್ಕೇ ನಕ್ಕೆ. ಅದಕ್ಕೇ ಎಂಟು ವರ್ಷದಿಂದ ಕಾಗದ ಬರೆಯುತ್ತಿದ್ದೇನೆ.

ನೀವು ನಿಜವಾಗಿ ಏನು ಹೇಳಿದಿರಿ?

ಮಗಳು

---

ಆಗಸ್ಟ್ 12

ಮಗಳಿಗೆ,

"ಈ ಹೊಸ್ತಿಲು ದಾಟಿದ್ರೆ ಮತ್ತೆ ಈ ಮನೆಗೆ ಕಾಲಿಡಬೇಡ" ಎಂದೆ.

ಅದಕ್ಕೆ ಮೊದಲು ನೀನು ಕೈಯಲ್ಲಿ ತುಂಬ ಹೊತ್ತು ಏನೋ ಹೇಳಿದೆ. ನಿನ್ನ ಅಮ್ಮ ನನಗೆ ಹೇಳಿದ್ದು, "ಎರಡು ವರ್ಷ ಕೆಲಸ ಕಲಿತು ವಾಪಸ್ ಬರ್ತಾಳಂತೆ. ಅಪ್ಪನ ಒಪ್ಪಿಗೆ ಇಲ್ದೆ ಹೋಗೋಕೆ ಮನಸ್ಸು ಬರ್ತಾ ಇಲ್ವಂತೆ."

ನೀನು ಏನು ಹೇಳಿದ್ದೆ? ಮುಚ್ಚಿಡದೆ ಬರಿ.

ಅಪ್ಪ

---

ಆಗಸ್ಟ್ 18

ಅಪ್ಪನಿಗೆ,

ನಾನು ಹೇಳಿದ್ದು ಇದು. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವಳು ನೀನೊಬ್ಬಳೇ ಅಮ್ಮ. ಅಪ್ಪನಿಗೆ ನಾನೂ ಒಂದೇ, ಮೂಲೆಯ ಕುರ್ಚಿಯೂ ಒಂದೇ. ಕುರ್ಚಿಯನ್ನಾದರೂ ವಾರಕ್ಕೊಮ್ಮೆ ಒರೆಸುತ್ತಾರೆ. ನಾನು ಇನ್ನು ವಾಪಸ್ ಬರುವುದಿಲ್ಲ.

ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಮಗಳು

---

ಸೆಪ್ಟೆಂಬರ್ 9

ಮಗಳಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತು ಎದ್ದು ಹೋಗಿದ್ದೇನೆ.

ಮೊದಲು ನಿನ್ನ ಅಮ್ಮನ ಮೇಲೆ ಸಿಟ್ಟು ಬಂತು. ತೀರಿಹೋಗಿ ನಾಲ್ಕು ವರ್ಷವಾದವಳ ಜೊತೆ ಅಡುಗೆಮನೆಯಲ್ಲಿ ನಿಂತು ಜಗಳವಾಡಿದೆ. ಆಮೇಲೆ ಎಲ್ಲದರ ಮೇಲೂ ಅನುಮಾನ. ನಿನ್ನ ಶಾಲೆ, ನಿನ್ನ ಜ್ವರ, ನೀನು ಹಟ ಮಾಡಿದ್ದು, ನನ್ನ ಹುಟ್ಟುಹಬ್ಬಕ್ಕೆ ನೀನು ಏನೋ ಹೇಳಿದ್ದು, ಎಲ್ಲವೂ ಅವಳ ಬಾಯಿಂದಲೇ ನನಗೆ ಬಂದದ್ದು. ಅದರಲ್ಲಿ ನಿನ್ನದೆಷ್ಟು, ಅವಳದೆಷ್ಟು? ನಾನು ನಿನ್ನ ಜೊತೆ ಮಾತಾಡಿದ್ದೇನೆ ಎಂದುಕೊಂಡಿದ್ದೆ. ಮಾತಾಡಿದ್ದೆಲ್ಲ ಅವಳ ಜೊತೆ.

ನಿನ್ನ ಮೊದಲ ಕಾಗದ ಬಂದಾಗ ಅದನ್ನು ನಾನು ಕ್ಷಮೆ ಕೇಳುವ ಕಾಗದ ಎಂದುಕೊಂಡೆ. ಬಾಗಿಲಿನ ವಿಷಯ ಕೇಳಿ ಬರೆಯುತ್ತೇನೆ ಎಂದರೆ ಅವಳು ಬಿಡಲಿಲ್ಲ. "ಕೆದಕಬೇಡಿ, ಮಗು ನೊಂದ್ಕೊಳ್ಳುತ್ತೆ" ಅಂದಳು.

ಸಮಿತಿ ಸೇರಿತ್ತು, ಬಡಗಿಯ ಹೆಂಡತಿಯನ್ನೂ ಕರೆಸಿದ್ದರು. ನಾನು ಎದ್ದು ನಿಂತು, ನಗು ನನ್ನ ಮೇಲೆ, ನಾನು ನಿದ್ದೆ ಮಾಡುತ್ತಿದ್ದೆ ಎಂದೆ. ಪಾದ್ರಿಗಳ ಆ ಸಾಲನ್ನೂ, ಅವಳು ಅದಕ್ಕೆ ಬದಲಾಗಿ ಹೇಳಿದ್ದನ್ನೂ ಓದಿದೆ. ಅವರ ಮುಖ ಬಿಳುಚಿತು. "ಅದು ಮಾತಿನ ರೂಢಿ, ನಾನು ಯೋಚನೆ ಮಾಡ್ಲಿಲ್ಲ" ಅಂದರು. ಅಲ್ಲಿಗೆ ಮುಗಿಯಿತು ಎಂದು ಕೂತೆ. ಖಜಾಂಚಿ ಬಿಡಬೇಕಲ್ಲ. "ಅಂದ್ರೆ ಅವಳು ಬದಲಾಯಿಸಿದ್ದು ನಿಜ ಅಂತಾಯ್ತು. ಸಿಕ್ಕಿಬಿದ್ದಿದ್ದು ಒಂದು. ಇನ್ನೆಷ್ಟಿದೆಯೋ?" ಅಂದ. ಅವನ ಕೈಗೆ ಕೋಲು ಕೊಟ್ಟವನು ನಾನೇ. ಇನ್ನು ಮೇಲೆ ಅವಳ ಕೈಯನ್ನು ವಾರವಾರವೂ ಯಾರಾದರೂ ಪರೀಕ್ಷೆ ಮಾಡಬೇಕು ಎಂದು ತೀರ್ಮಾನವಾಯಿತು. ಅವಳು ಎದ್ದು, "ಹಾಗಾದ್ರೆ ಪರೀಕ್ಷೆ ಮಾಡೋರೇ ಬಂದು ನಿಂತ್ಕೊಳ್ಳಲಿ" ಎಂದು ಹೊರಟುಹೋದಳು. ಎರಡು ಭಾನುವಾರದಿಂದ ಬಲಗಡೆಯ ಬೆಂಚು ಖಾಲಿ.

ಅವರ ಮನೆಗೆ ಹೋದೆ. ಮುಂದಿನ ಕೋಣೆಯೇ ಬಡಗಿಯ ಕೆಲಸದ ಜಾಗ, ಕಾಲಿಟ್ಟಲ್ಲೆಲ್ಲ ಮರದ ಹೊಟ್ಟು. ತಪ್ಪಾಯಿತು, ವಾಪಸ್ ಬಾ ಎಂದೆ. "ಬೆಂಚಲ್ಲಿ ಕೂತ್ಕೊಳ್ಳೋರು ಇವರು, ಇವರ ಹತ್ರ ಹೇಳಿ" ಎಂದಳು. ಸರಿ, ನೀನೇ ಅವನಿಗೆ ಸನ್ನೆಯಲ್ಲಿ ಹೇಳು ಎಂದೆ. "ನಾನು ಮಧ್ಯೆ ನಿಂತಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇದನ್ನ ನೀವೇ ಹೇಳ್ಕೊಳ್ಳಿ" ಎಂದು ಒಳಗೆ ಹೋದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಿಂತೆವು. ಅವನು ಒಂದು ಹಲಗೆಯ ಮೇಲಿದ್ದ ಹೊಟ್ಟು ಒರೆಸಿ ಕೂರಲು ಜಾಗ ಮಾಡಿದ. ನಾನು ಕೂತೆ. ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ ಮಗಳೇ.

ಅಪ್ಪ

---

ಸೆಪ್ಟೆಂಬರ್ 17

ಅಪ್ಪನಿಗೆ,

ಅಮ್ಮನ ಮೇಲೆ ನನಗೂ ಸಿಟ್ಟು ಬಂದಿದೆ. ನಿಮಗಿಂತ ಹೆಚ್ಚು. ನೀವು ನನ್ನನ್ನು ಬೈದದ್ದು ನನ್ನ ಪಾಲಿನದು, ಅದನ್ನು ಅವಳು ನನಗೆ ಕೊಡಬೇಕಿತ್ತು. ಆದರೆ ಅವಳು ಕೊಟ್ಟಿದ್ದರೆ ನಾನು ನಿಮಗೆ ಒಂದು ಕಾಗದವನ್ನೂ ಬರೆಯುತ್ತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕೆಂದು ನನಗೂ ತಿಳಿಯುತ್ತಿಲ್ಲ.

ಬಡಗಿಯ ಹೆಂಡತಿಗೆ ಬರೆದಿದ್ದೇನೆ. ನಿಮ್ಮ ಪರವಾಗಿ ಒಂದು ಮಾತೂ ಹೇಳಿಲ್ಲ.

ಅಕ್ಟೋಬರ್ ಕೊನೆಗೆ ಪುಸ್ತಕದ ಕೆಲಸ ಮುಗಿಯುತ್ತದೆ. ಒಂದು ವಾರ ರಜೆ ಕೇಳಿದ್ದೇನೆ. ಬರಬಹುದೇ? ಆ ಹೊಸ್ತಿಲಿನ ಮಾತು ಈಗಷ್ಟೇ ನನಗೆ ತಲುಪಿದೆ. ಅದಕ್ಕೇ ಕೇಳುತ್ತಿದ್ದೇನೆ.

ಮಗಳು

---

ಅಕ್ಟೋಬರ್ 14

ಮಗಳಿಗೆ,

ಬರಬಹುದೇ ಎಂದು ಕೇಳಿದ್ದೀಯಲ್ಲ, ಓದಿ ನನಗೇ ನಾಚಿಕೆಯಾಯಿತು. ಬಾ.

ಬಡಗಿಯ ಹೆಂಡತಿ ಮೂರು ಭಾನುವಾರದಿಂದ ಮತ್ತೆ ನಿಲ್ಲುತ್ತಿದ್ದಾಳೆ, ನನ್ನ ಮಾತಿಗಲ್ಲ. ಪಾದ್ರಿಗಳು ತಾವೇ ಹೋಗಿ ಬಡಗಿಯ ಮುಂದೆ ಕೂತು, ಆ ಸಾಲನ್ನು ಕಾಗದದ ಮೇಲೆ ಬರೆದು ತೋರಿಸಿ, ಅದರ ಕೆಳಗೆ ತಪ್ಪಾಯಿತು ಎಂದು ಬರೆದರಂತೆ. ಬಡಗಿ ಓದಿ, ಕೆಲಸದ ಪೆನ್ಸಿಲ್ ತೆಗೆದು, ಇದನ್ನು ಎಲ್ಲರ ಮುಂದೆ ಹೇಳಿ ಎಂದು ಬರೆದನಂತೆ. ಪಾದ್ರಿಗಳು ಹೇಳಿದರು. ಅವಳು ಅದನ್ನು ಒಂದಕ್ಷರ ಬಿಡದೆ ಆರೂ ಜನಕ್ಕೆ ಹೇಳಿದಳು. ಮೊದಲ ಬೈಗುಳವೂ ಅವರಿಗೆ ಅವತ್ತೇ ತಲುಪಿತು. ಒಬ್ಬ ಸಿಟ್ಟಿಗೆದ್ದು ಹೊರಗೆ ಹೋದವನು ಇನ್ನೂ ಬಂದಿಲ್ಲ. ಈಗ ಪ್ರಸಂಗವನ್ನು ಶನಿವಾರವೇ ಅವಳ ಕೈಗೆ ಕೊಡುತ್ತಾರೆ. ಪರೀಕ್ಷೆ ಮಾಡುವ ಮಾತು ಬಿದ್ದುಹೋಯಿತು. ಖಜಾಂಚಿ ಮಾತ್ರ ಈಗಲೂ ಅವಳ ಬೆರಳನ್ನೇ ದುರುಗುಟ್ಟಿ ನೋಡುತ್ತಾನೆ. ಒಂದೂ ಅರ್ಥವಾಗುವುದಿಲ್ಲ, ಆದರೂ ನೋಡುತ್ತಾನೆ. ಮೊನ್ನೆಮೊನ್ನೆಯವರೆಗೆ ನಾನೂ ಹಾಗೇ ಇದ್ದೆ.

ನಾನು ಅಂಗಡಿ ಮುಚ್ಚಿದ ಮೇಲೆ ಬಡಗಿಯ ಮನೆಗೆ ಹೋಗುತ್ತಿದ್ದೇನೆ. ಅವನು ಒಳ್ಳೆಯ ಮೇಷ್ಟ್ರಲ್ಲ. ತಪ್ಪು ಮಾಡಿದರೆ ಅಳತೆಪಟ್ಟಿಯಿಂದ ಬೆರಳ ಗೆಣ್ಣಿಗೆ ತಟ್ಟುತ್ತಾನೆ. ನನ್ನ ಕೈ ದಪ್ಪ, ಬೇಗ ಮಡಚುವುದಿಲ್ಲ. ಅವನ ಹೆಂಡತಿ ಅತ್ತಿತ್ತ ಓಡಾಡುತ್ತಾ ನೋಡುತ್ತಾಳೆ, ತಿದ್ದುವುದಿಲ್ಲ.

ನಿಲ್ದಾಣಕ್ಕೆ ನಾನೊಬ್ಬನೇ ಬರುತ್ತೇನೆ. ಜೊತೆಗೆ ಯಾರನ್ನೂ ಕರೆತರುವುದಿಲ್ಲ. ನಿನ್ನ ಅಮ್ಮ ತೀರಿಹೋದಾಗ ಮಾಡಿದ ಹಾಗೆ ಚೀಟಿ ಬರೆದು ಕೊಡುವುದೂ ಬೇಡ. ಊಟ ಆಯಿತಾ, ಸುಸ್ತಾಯಿತಾ, ಎಷ್ಟು ದಿನ ಇರುತ್ತೀಯ, ಇಷ್ಟನ್ನು ಕೈಯಲ್ಲಿ ಕೇಳಲು ಕಲಿತಿದ್ದೇನೆ. ಅದಕ್ಕಿಂತ ಹೆಚ್ಚು ನೀನೇನಾದರೂ ಹೇಳಿದರೆ ನನಗೆ ತಿಳಿಯುವುದಿಲ್ಲ.

ಆದರೂ ಹೇಳು.

ಅಪ್ಪ